ಮೇದೋಜೀರಕ ಗ್ರಂಥಿಯ ಸಿಟಿ ಸ್ಕ್ಯಾನ್: ಗಡ್ಡೆಗಿಂತ ಮೊದಲು ನಾಳವನ್ನು ನೋಡಿ

ಮೇದೋಜೀರಕ ಗ್ರಂಥಿಯು ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ, ದೊಡ್ಡ ರಕ್ತನಾಳಗಳಿಗೆ ಒತ್ತಿಕೊಂಡು ಮಲಗಿರುವುದರಿಂದ, ಅಲ್ಲಿ ಗಡ್ಡೆಯ ಸಂದೇಹವಿದ್ದಾಗ ಹೊಟ್ಟೆಯ ಸಾಮಾನ್ಯ ಸ್ಕ್ಯಾನ್ ಸಾಲದು. ಈ ಗ್ರಂಥಿಗೆಂದೇ ರೂಪಿಸಿದ ಕ್ರಮವನ್ನು ಅನುಸರಿಸಬೇಕು.

ಕಾಮಾಲೆ ಇರುವ ರೋಗಿಯ ಪಿತ್ತನಾಳಕ್ಕೆ ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಕೊಳವೆ) ಹಾಕುವ ತುರ್ತು ಇಲ್ಲದಿದ್ದರೆ ಸ್ಕ್ಯಾನ್ ಮೊದಲು ಆಗಲಿ. ಈ ಅನುಕ್ರಮ ತಪ್ಪಿದರೆ ಉರಿಯೂತವೂ ಸ್ಟೆಂಟಿನಿಂದ ಚಿತ್ರದಲ್ಲಿ ಮೂಡುವ ಗೆರೆಗಳೂ ಗಡ್ಡೆಯ ಅಂಚನ್ನು ಮಸುಕಾಗಿಸುತ್ತವೆ. ಮೂತ್ರಪಿಂಡಗಳ ಸ್ಥಿತಿಯನ್ನೂ ಕಾಂಟ್ರಾಸ್ಟ್ (ಅಂಗಗಳೂ ರಕ್ತನಾಳಗಳೂ ಚಿತ್ರದಲ್ಲಿ ಎದ್ದು ಕಾಣಲು ಕೊಡುವ ದ್ರಾವಣ) ಅಲರ್ಜಿಯನ್ನೂ ವಿಚಾರಿಸಿಕೊಂಡ ಮೇಲೆ, ಚಿತ್ರದಲ್ಲಿ ಬೆಳ್ಳಗೆ ಕಾಣುವ ದ್ರಾವಣದ ಬದಲು ಬರೀ ನೀರು ಕುಡಿಸಿ. ಆಗ ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಯೊಡಿನಮ್‌ನ ಗೋಡೆ ಗ್ರಂಥಿಯ ತಲೆಭಾಗದಿಂದ ಬೇರೆಯಾಗಿ ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ಅಯೋಡಿನ್ ಇರುವ ಕಾಂಟ್ರಾಸ್ಟನ್ನು ರಕ್ತನಾಳಕ್ಕೆ ಸೆಕೆಂಡಿಗೆ 3ರಿಂದ 5 ಮಿಲಿಲೀಟರ್ ವೇಗದಲ್ಲಿ ಕೊಟ್ಟು, ಸುಮಾರು 40ರಿಂದ 50ನೇ ಸೆಕೆಂಡಿನಲ್ಲಿ ಮೊದಲ ಹಂತದ ಚಿತ್ರಗಳನ್ನೂ, 70ನೇ ಸೆಕೆಂಡಿನ ಆಸುಪಾಸಿನಲ್ಲಿ ಎರಡನೆಯ ಹಂತದವನ್ನೂ ತೆಗೆಯಬೇಕು. ಮೊದಲ ಹಂತದಲ್ಲಿ ಆರೋಗ್ಯಕರ ಗ್ರಂಥಿ ಅತಿ ಹೆಚ್ಚು ಹೊಳೆಯುವುದರಿಂದ, ನಾರಿನಂಶ ಹೆಚ್ಚಾಗಿ ರಕ್ತಸಂಚಾರ ಕಡಿಮೆಯಿರುವ ಅಡಿನೊಕಾರ್ಸಿನೋಮ (ಈ ಗ್ರಂಥಿಯ ಅತಿ ಸಾಮಾನ್ಯ ಕ್ಯಾನ್ಸರ್) ಅದರ ನಡುವೆ ಮಂಕಾದ ಕಲೆಯಾಗಿ ಕಾಣುತ್ತದೆ. ಹಾರ್ಮೋನ್ ತಯಾರಿಸುವ ಕೋಶಗಳಿಂದ ಹುಟ್ಟುವ ನ್ಯೂರೋಎಂಡೋಕ್ರೈನ್ ಗಡ್ಡೆ ಬಹುಮಟ್ಟಿಗೆ ಇದಕ್ಕೆ ತದ್ವಿರುದ್ಧವಾಗಿ ಬೆಳಗುತ್ತದೆ. ಅಭಿಧಮನಿಗಳಿಗೂ ಯಕೃತ್ತಿಗೂ ಎರಡನೆಯ ಹಂತವೇ ಬೇಕು. ಚಿತ್ರದ ಪದರಗಳು 3 ಮಿಲಿಮೀಟರಿಗಿಂತ ದಪ್ಪವಾಗಿರಬಾರದು.

ಓದಲು ಕುಳಿತಾಗ ನೇರವಾಗಿ ಗಡ್ಡೆಯನ್ನು ಹುಡುಕಬೇಡಿ. ಗ್ರಂಥಿಯ ಬಾಲದಿಂದ, ಅಂದರೆ ಎಡತುದಿಯಿಂದ, ಹೊರಟು ಜೀರ್ಣರಸ ಸಾಗಿಸುವ ಅದರ ಮುಖ್ಯ ನಾಳವನ್ನು ಒಂದೊಂದೇ ಪದರದಲ್ಲಿ ತಲೆಭಾಗದವರೆಗೆ ಹಿಂಬಾಲಿಸಿ. ಸಣ್ಣ ಗಡ್ಡೆಯೊಂದು ಸುತ್ತಲಿನ ಗ್ರಂಥಿಯಷ್ಟೇ ಬೂದುಬಣ್ಣದಲ್ಲಿದ್ದು ಕಣ್ಣಿಗೆ ಬೀಳದೆ ಹೋಗಬಹುದು. ಆದರೆ 5 ಮಿಲಿಮೀಟರ್ ಅಗಲವಾಗಿ ಬರುತ್ತಿದ್ದ ನಾಳ ಗ್ರಂಥಿಯ ಕುತ್ತಿಗೆಯ (ತಲೆಭಾಗಕ್ಕೆ ತಾಗಿದ ಕಿರಿದಾದ ಭಾಗ) ಬಳಿ ಕತ್ತರಿಸಿದಂತೆ ನಿಂತು, ಅಲ್ಲಿಂದ ಬಾಲದವರೆಗಿನ ಗ್ರಂಥಿ ಸೊರಗಿದ್ದರೆ, ಆ ನಿಂತ ಜಾಗದಲ್ಲೇ ಗಡ್ಡೆಯನ್ನು ಶಂಕಿಸಬೇಕು. ಪಿತ್ತನಾಳವೂ ಜೊತೆಗೆ ಹಿಗ್ಗಿದ್ದರೆ ತಲೆಭಾಗದ ಮೇಲೆ ಸಂಶಯ ಬಲವಾಗುತ್ತದೆ. ಹಾಗೆಂದು ಮಂಕಾಗಿ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ: ಆಟೋಇಮ್ಯೂನ್ ಪ್ಯಾಂಕ್ರಿಯಾಟೈಟಿಸ್ (ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯಲ್ಲಿ ಉಂಟುಮಾಡುವ ಉರಿಯೂತ) ಕೂಡ ಹೀಗೆಯೇ ಮೋಸಗೊಳಿಸಬಲ್ಲದು.

ಬಳಿಕ ರಕ್ತನಾಳಗಳು. ಕರುಳಿಗೆ ರಕ್ತ ಒಯ್ಯುವ ಸುಪೀರಿಯರ್ ಮೆಸೆಂಟರಿಕ್ ಅಪಧಮನಿ, ಜಠರ-ಯಕೃತ್ತುಗಳ ಕಡೆಗೆ ಕವಲೊಡೆಯುವ ಸೀಲಿಯಾಕ್ ಅಪಧಮನಿ, ಯಕೃತ್ತಿನ ಹೆಪಾಟಿಕ್ ಅಪಧಮನಿ, ಯಕೃತ್ತಿಗೆ ರಕ್ತ ತರುವ ಪೋರ್ಟಲ್ ಅಭಿಧಮನಿ ಮತ್ತು ಕರುಳಿನಿಂದ ಅದಕ್ಕೆ ಸೇರುವ ಸುಪೀರಿಯರ್ ಮೆಸೆಂಟರಿಕ್ ಅಭಿಧಮನಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಗಡ್ಡೆ ಪ್ರತಿಯೊಂದರ ಸುತ್ತ ಎಷ್ಟು ಡಿಗ್ರಿ ತಾಗಿದೆ ಎಂದು ಬರೆಯಿರಿ. 180 ಡಿಗ್ರಿಯೊಳಗಿನ ಸಂಪರ್ಕಕ್ಕೂ ಅದನ್ನು ಮೀರಿದ ಸುತ್ತುವರಿಕೆಗೂ ಶಸ್ತ್ರಚಿಕಿತ್ಸಕರ ಲೆಕ್ಕದಲ್ಲಿ ಬಹಳ ವ್ಯತ್ಯಾಸವಿದೆ. ದುಂಡಗಿರಬೇಕಾದ ಅಭಿಧಮನಿ ಅಡ್ಡಕೊಯ್ತದಲ್ಲಿ ಕಣ್ಣೀರ ಹನಿಯಂತೆ ಚೂಪಾಗಿದ್ದರೆ ಗಡ್ಡೆ ಅದನ್ನು ಹಿಡಿದೆಳೆಯುತ್ತಿರುವ ಸಾಧ್ಯತೆಯಿದೆ. ‘ರಕ್ತನಾಳಕ್ಕೆ ಹತ್ತಿರದಲ್ಲಿದೆ’ ಎಂಬ ಅಸ್ಪಷ್ಟ ಮಾತು ವರದಿಯಲ್ಲಿ ಇರಕೂಡದು.

ನೀರುಗುಳ್ಳೆಯಂಥ ಗಡ್ಡೆಗಳಲ್ಲಿ ಗೋಡೆಯ ದಪ್ಪ, ಒಳಗಿನ ಗಟ್ಟಿ ಭಾಗ, ಮುಖ್ಯ ನಾಳದೊಂದಿಗಿನ ಸಂಪರ್ಕವನ್ನು ದಾಖಲಿಸಿ. ಮುಖ್ಯ ನಾಳ 10 ಮಿಲಿಮೀಟರ್ ಅಥವಾ ಹೆಚ್ಚು ಹಿಗ್ಗಿದ್ದರೆ ಅಪಾಯ ಹೆಚ್ಚು.

ಯಕೃತ್ತಿನ ಅತಿ ಸಣ್ಣ ಚುಕ್ಕೆಗಳೂ ಹೊಟ್ಟೆಯ ಒಳಪೊರೆಯ ತೆಳು ಹರಡುವಿಕೆಯೂ ಸಿಟಿಗೆ ತಪ್ಪಿಸಿಕೊಳ್ಳಬಹುದು. ನಾಳ ತುಂಡಾಗಿದ್ದೂ ಗಡ್ಡೆ ಕಾಣದಿದ್ದರೆ ಬಾಯಿಯ ಮೂಲಕ ಇಳಿಸಿದ ಕೊಳವೆಯಿಂದ ಮಾಡುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ಗೆ, ಯಕೃತ್ತಿನ ಚುಕ್ಕೆ ಯಾವುದೆಂದು ತಿಳಿಯದಿದ್ದರೆ ಎಂಆರ್‌ಐಗೆ ಶಿಫಾರಸು ಮಾಡಿ. ಶಸ್ತ್ರಚಿಕಿತ್ಸೆ 4 ವಾರಗಳಾಚೆಗೆ ಮುಂದೆ ಹೋದರೆ ಸ್ಕ್ಯಾನನ್ನು ಮತ್ತೊಮ್ಮೆ ಮಾಡಿಸಿ.