ವಾರದ ಸಭೆ, ಯಕ್ಷಗಾನದ ಟಿಕೆಟ್, ಒಂದು ಫ್ರೀಜರ್: ನಮ್ಮೂರಿನ ರೋಟರಿಯಲ್ಲಿ ನನ್ನ ಅನುಭವ

ಸೇವಾ ಸಂಸ್ಥೆಗೆ ದುಡ್ಡು ಕೂಡಿಸುವುದು ಹೇಗೆ ಅಂತ ಬೇರೆ ಊರಿನ ಗೆಳೆಯರು ಕೇಳುತ್ತಿರುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ವಾರದ ಸಭೆಗೆ ಎಷ್ಟು ಜನ ಬರುತ್ತಾರೆ? ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಅವರಿಗೆ ಅನಿಸುತ್ತದೆ. ನನ್ನ ಪ್ರಕಾರ ಪೂರ್ತಿ ಸಂಬಂಧ ಇದೆ. ಅದನ್ನೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ಮಲೆನಾಡಿನ ಒಂದು ತಾಲೂಕು ಊರು. ರೋಟರಿ ಲೆಕ್ಕದಲ್ಲಿ ಜಿಲ್ಲೆ 3182, ಅಂದರೆ ಶಿವಮೊಗ್ಗ, ಉಡುಪಿ, ಚಿಕ್ಕಮಗಳೂರು, ಹಾಸನದ ಕಡೆ. ನನ್ನದು ಪ್ರಿಂಟಿಂಗ್ ಪ್ರೆಸ್. ಕ್ಲಬ್ಬಿನಲ್ಲಿ ಮೊದಲು ಕಾರ್ಯದರ್ಶಿ ಆಗಿದ್ದೆ, ಆಮೇಲೆ ಅಧ್ಯಕ್ಷಗಿರಿಯೂ ಬಂತು, ಈಗ ನಿಧಿ ಸಂಗ್ರಹದ ಸಮಿತಿಯಲ್ಲಿ ಇದ್ದೇನೆ.

ರೋಟರಿ ಶುರುವಾಗಿದ್ದೇ ಸಭೆಯಿಂದ. 1905ರ ಫೆಬ್ರವರಿ 23ರಂದು ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನುವ ವಕೀಲರು ಇನ್ನೂ ಮೂವರನ್ನು ಸೇರಿಸಿಕೊಂಡು ಒಂದು ಆಫೀಸಿನಲ್ಲಿ ಕೂತರು. ಆಗ ಸೇವೆ, ಯೋಜನೆ ಯಾವುದೂ ಇರಲಿಲ್ಲ, ಗೊತ್ತಿಲ್ಲದ ದೊಡ್ಡ ಊರಿನಲ್ಲಿ ನಾಲ್ಕು ಜನ ಸ್ನೇಹಿತರು ಬೇಕಿತ್ತು ಅಷ್ಟೇ. ಸೇವೆ ಆಮೇಲೆ ಬಂತು. 2016ರಲ್ಲಿ ರೋಟರಿಯ ನಿಯಮ ಸಡಿಲವಾಯಿತು. ಪ್ರತಿ ವಾರ ಸೇರಲೇಬೇಕು ಅಂತಿಲ್ಲ, ತಿಂಗಳಿಗೆ ಕನಿಷ್ಠ ಎರಡು ಸಭೆ ಆದರೆ ಸಾಕು ಅಂತಾಯಿತು. ಎಷ್ಟೋ ಕ್ಲಬ್ಬುಗಳು ಎರಡಕ್ಕೆ ಇಳಿಸಿದವು. ನಮ್ಮಲ್ಲೂ ಚರ್ಚೆ ಜೋರಾಗಿಯೇ ನಡೆಯಿತು. ವಾರ ವಾರ ಬೇಕು ಅಂತ ಹಟ ಹಿಡಿದವರಲ್ಲಿ ನಾನೂ ಒಬ್ಬ, ಆ ಹಟವನ್ನು ಇವತ್ತಿಗೂ ಬಿಟ್ಟಿಲ್ಲ.

ನಮ್ಮ ಸಭೆ ಗುರುವಾರ ಸಂಜೆ ಏಳೂವರೆಗೆ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ, ಪ್ರಾರ್ಥನೆ, ಆಮೇಲೆ ನಾಲ್ಕು ಪ್ರಶ್ನೆಗಳ ಪರೀಕ್ಷೆ ಓದುವುದು: ಇದು ಸತ್ಯವೇ, ಎಲ್ಲರಿಗೂ ನ್ಯಾಯವೇ, ಸ್ನೇಹ ಬೆಳೆಸುತ್ತದೆಯೇ, ಎಲ್ಲರಿಗೂ ಒಳ್ಳೆಯದೇ. ಹುಟ್ಟುಹಬ್ಬ, ಮದುವೆಯ ದಿನ ಇದ್ದವರಿಗೆ ಹೂವು. ಅವರು ಖುಷಿಯಿಂದ ಡಬ್ಬಿಗೆ ಏನೋ ಹಾಕುತ್ತಾರೆ. ದಂಡಪಾಣಿ, ಅಂದರೆ ಸಭೆಯ ಶಿಸ್ತು ನೋಡಿಕೊಳ್ಳುವ ನಮ್ಮ ಸದಸ್ಯರು, ತಡವಾಗಿ ಬಂದವರ ಹತ್ತಿರ ಇಪ್ಪತ್ತು ರೂಪಾಯಿ ವಸೂಲಿ ಮಾಡುತ್ತಾರೆ. ಮಗಳಿಗೆ ಕೆಲಸ ಸಿಕ್ಕಿತು ಅಂತ ಐನೂರು ಹಾಕಿದವರಿದ್ದಾರೆ, ಬೋರಿಗೆ ನೀರು ಬಂತು ಅಂತ ಸಾವಿರ ಹಾಕಿದವರೂ ಇದ್ದಾರೆ. ವಾರಕ್ಕೆ ಸಣ್ಣ ಮೊತ್ತ, ಆದರೆ ವರ್ಷದ ಕೊನೆಗೆ ಎಣಿಸಿದರೆ ಶಾಲೆಗೆ ಬೇಕಾದ ನೋಟ್‌ಬುಕ್ಕಿನ ಖರ್ಚು ಅದರಲ್ಲೇ ಮುಗಿಯುತ್ತದೆ.

ಅತಿಥಿಯಾಗಿ ಯಾರನ್ನು ಕರೆಯುತ್ತೀರಿ ಅನ್ನುವುದು ಬಹಳ ಮುಖ್ಯ. ದೊಡ್ಡ ಹೆಸರಿನವರನ್ನು ಕರೆದರೆ ಫೋಟೋ ಚೆನ್ನಾಗಿ ಬರುತ್ತದೆ. ನಾನು ಕಾರ್ಯದರ್ಶಿ ಆಗಿದ್ದಾಗ ಊರಿನ ಕೆಲಸ ದಿನಾ ಕಣ್ಣಲ್ಲಿ ನೋಡುವವರನ್ನು ಕರೆಯಲು ಶುರು ಮಾಡಿದೆ. ಪಶುವೈದ್ಯರು, ಪೋಸ್ಟ್ ಮಾಸ್ಟರ್, ಮೆಸ್ಕಾಂ ಲೈನ್‌ಮ್ಯಾನ್, ಆಶಾ ಕಾರ್ಯಕರ್ತೆ, ಆಂಬುಲೆನ್ಸ್ ಓಡಿಸುವ ಹುಡುಗ. ಇವರಿಗೆ ಮೈಕಿನ ಮುಂದೆ ನಿಂತು ಅಭ್ಯಾಸ ಇರುವುದಿಲ್ಲ, ಹಾಗಾಗಿ ಭಾಷಣ ಬೇಡ, ಪ್ರಶ್ನೆ ಕೇಳುತ್ತೇವೆ, ಹೇಳುತ್ತಾ ಹೋಗಿ ಅಂತ ಕೂರಿಸಿಕೊಳ್ಳುತ್ತಿದ್ದೆವು.

ಆ ಆಂಬುಲೆನ್ಸ್ ಹುಡುಗ ಹೇಳಿದ ಮಾತಿನಿಂದಲೇ ನಮ್ಮ ದೊಡ್ಡ ಕೆಲಸ ಹುಟ್ಟಿದ್ದು. ಈಗ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ, ಮಕ್ಕಳು ಬೆಂಗಳೂರಿನಲ್ಲಿ ಇಲ್ಲಾ ಹೊರದೇಶದಲ್ಲಿ. ಯಾರಾದರೂ ತೀರಿಕೊಂಡರೆ ಮಕ್ಕಳು ಬಂದು ಮುಟ್ಟುವವರೆಗೆ ದೇಹ ಇಡಬೇಕು. ಫ್ರೀಜರ್ ಪೆಟ್ಟಿಗೆ ಶಿವಮೊಗ್ಗದಿಂದ ಬರಬೇಕಿತ್ತು. ಅದು ಸಿಗದಿದ್ದರೆ ಮೀನಂಗಡಿಯಿಂದ ಐಸ್ ತಂದು ಸುತ್ತ ಜೋಡಿಸುತ್ತಿದ್ದರು. ಅದನ್ನು ಆ ಹುಡುಗ ಸುಮ್ನೆ ಇದ್ದದ್ದು ಇದ್ದ ಹಾಗೆ ಹೇಳಿದ. ಆ ರಾತ್ರಿ ಊಟದ ಹೊತ್ತಿಗೇ ಅಂದಾಜು ಖರ್ಚು ಬರೆದು ಆಗಿತ್ತು. ಸಭೆ ಅಂತ ಒಂದು ಇಲ್ಲದಿದ್ದರೆ ಈ ಮಾತು ನಮ್ಮ ಕಿವಿಗೆ ಬೀಳುತ್ತಿತ್ತಾ? ನನಗಂತೂ ಅನುಮಾನ.

ಮಲೆನಾಡಿನಲ್ಲಿ ಸಭೆ ನಡೆಸುವುದಕ್ಕೆ ಒಂದು ಕಷ್ಟ ಇದೆ. ರೋಟರಿ ವರ್ಷ ಜುಲೈ 1ಕ್ಕೆ ಶುರು. ಹೊಸ ಅಧ್ಯಕ್ಷರ ಪದಗ್ರಹಣ, ಹೊಸ ಉತ್ಸಾಹ ಎಲ್ಲಾ ಬರುವುದು ಸರಿಯಾಗಿ ಆರಿದ್ರೆ ಮಳೆ, ಪುನರ್ವಸು ಮಳೆಯ ಹೊತ್ತಿಗೆ. ಅರ್ಧ ಸದಸ್ಯರು ಅಡಿಕೆ ಬೆಳೆಗಾರರು. ಮಳೆ ಎರಡು ದಿನ ಬಿಟ್ಟರೆ ಸಾಕು, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ತೋಟಕ್ಕೆ ಓಡಬೇಕು. ಅದಕ್ಕೆ ಮಳೆಗಾಲದಲ್ಲಿ ಸಭೆಯನ್ನು ಒಂದು ಗಂಟೆಯೊಳಗೆ ಮುಗಿಸುತ್ತೇವೆ, ದೂರದ ತೋಟದವರನ್ನು ಕರೆತರಲು ಕಾರು ಹಂಚಿಕೊಳ್ಳುತ್ತೇವೆ. ಊಟವೂ ಸರಳ, ಬಿಸಿ ಬಿಸಿ ಉಪ್ಪಿಟ್ಟು, ಕಾಫಿ. ತಿಂಡಿಯ ಖರ್ಚು ಸರದಿಯ ಮೇಲೆ ಒಬ್ಬೊಬ್ಬ ಸದಸ್ಯರದ್ದು.

ಈ ತಿಂಡಿಯ ವಿಷಯ ಸಣ್ಣದಲ್ಲ. ನಮ್ಮಲ್ಲಿ ಎರಡು ಬ್ಯಾಂಕ್ ಖಾತೆ ಇವೆ. ಸದಸ್ಯರ ಶುಲ್ಕ, ಸಭೆಯ ಖರ್ಚು, ಅಂತರರಾಷ್ಟ್ರೀಯ ಸಂಸ್ಥೆಗೆ ಕಟ್ಟಬೇಕಾದ ಬಾಕಿ, ಎಲ್ಲಾ ಒಂದರಲ್ಲಿ. ಊರಿನವರು ಕೊಟ್ಟ ದುಡ್ಡು ಇನ್ನೊಂದರಲ್ಲಿ. ಎರಡನೆಯದರಿಂದ ಒಂದು ಲೋಟ ಕಾಫಿ ಕೂಡ ಕುಡಿಯುವ ಹಾಗಿಲ್ಲ. ಹುಟ್ಟುಹಬ್ಬದ ಡಬ್ಬಿಯ ದುಡ್ಡೂ ಸೇವೆಯ ಖಾತೆಗೇ ಹೋಗುತ್ತದೆ. ಇವರು ನಮ್ಮ ದುಡ್ಡಲ್ಲಿ ಪಾರ್ಟಿ ಮಾಡುತ್ತಾರೆ ಅಂತ ಊರಲ್ಲಿ ಒಬ್ಬರು ಹೇಳಿದರೂ ಸಾಕು, ಮುಂದಿನ ಹತ್ತು ವರ್ಷ ಯಾರೂ ಕೈ ಬಿಚ್ಚುವುದಿಲ್ಲ.

ಫ್ರೀಜರಿಗೆ ದುಡ್ಡು ಎಲ್ಲಿಂದ ಅಂತ ಬಂದಾಗ ಹಲವು ಸಲಹೆ ಬಂದವು. ಲಕ್ಕಿ ಡಿಪ್ ಅಂದರು ಕೆಲವರು. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ, ಟಿಕೆಟ್ ಮಾರಿ ಚೀಟಿ ಎತ್ತುವ ಕೆಲಸಕ್ಕೆ ಕೈ ಹಾಕುವುದೇ ಬೇಡ ಅಂತ ವಕೀಲ ಸದಸ್ಯರು ಅಲ್ಲೇ ನಿಲ್ಲಿಸಿದರು. ಸಂಗೀತ ರಸಮಂಜರಿ ಅಂದರೆ ಲೈಟು, ಸೌಂಡಿಗೇ ಅರ್ಧ ದುಡ್ಡು ಹೋಗುತ್ತದೆ. ಕೊನೆಗೆ ನಮ್ಮ ಕಡೆಯ ಹಳೆಯ ದಾರಿಯನ್ನೇ ಹಿಡಿದೆವು, ಸಹಾಯಾರ್ಥ ಯಕ್ಷಗಾನ.

ಇದಕ್ಕೆ ಕಾರಣ ಇದೆ. ಮೇಳಗಳ ತಿರುಗಾಟ ಹೆಚ್ಚುಕಡಿಮೆ ನವೆಂಬರಿನಿಂದ ಮೇ ತನಕ. ಮಳೆಗಾಲದಲ್ಲಿ ಕಲಾವಿದರು ಬಿಡುವಾಗಿರುತ್ತಾರೆ, ಬೇರೆ ಬೇರೆ ಮೇಳದ ಒಳ್ಳೆಯ ವೇಷಧಾರಿಗಳನ್ನು, ಭಾಗವತರನ್ನು ಒಂದೇ ರಂಗಕ್ಕೆ ತರಬಹುದು. ಬೇಸಿಗೆಯಲ್ಲಿ ಬಯಲಲ್ಲಿ ಪುಕ್ಕಟೆ ಹರಕೆ ಆಟ, ಅಂದರೆ ಯಾರೋ ಹರಕೆ ಹೊತ್ತು ಆಡಿಸುವ ಯಕ್ಷಗಾನ, ನೋಡಬಹುದು, ಹಾಗಾಗಿ ಟಿಕೆಟ್ ಯಾರು ಕೊಳ್ಳುತ್ತಾರೆ? ಮಳೆಗಾಲದಲ್ಲಿ ಆಟಕ್ಕೆ ಹಸಿದಿರುತ್ತಾರೆ. ಆಗಸ್ಟ್ ಕೊನೆಯ ಭಾನುವಾರ, ಕಲ್ಯಾಣ ಮಂಟಪದಲ್ಲಿ, ಮಧ್ಯಾಹ್ನ ಮೂರರಿಂದ ರಾತ್ರಿ ಎಂಟು, ಕಾಲಮಿತಿಯ ಆಟ. ಬೆಳಗಿನವರೆಗೆ ಮಾಡಿದರೆ ಹೆಂಗಸರು, ವಯಸ್ಸಾದವರು ಬರುವುದಿಲ್ಲ, ಮಳೆಯಲ್ಲಿ ವಾಪಸ್ ಹೋಗುವುದೂ ಕಷ್ಟ. ಪ್ರಸಂಗ ಆರಿಸುವಾಗ ಹಳೆಯ ಪೌರಾಣಿಕವನ್ನೇ ಆರಿಸಿದೆವು. ನಮ್ಮ ಕಡೆ ಟಿಕೆಟ್ ಹೋಗುವುದು ಪ್ರಸಂಗದ ಹೆಸರಿಗಿಂತ ಜಾಸ್ತಿ ಪದ್ಯ ಯಾರದ್ದು, ಕೌರವ ಯಾರು ಅನ್ನುವುದರ ಮೇಲೆ. ಕಲಾವಿದರಿಗೆ ಸಂಭಾವನೆಯಲ್ಲಿ ಚೌಕಾಶಿ ಮಾಡಬೇಡಿ. ಸಹಾಯಾರ್ಥ ಅಂತ ಹೇಳಿ ಅವರ ಹೊಟ್ಟೆಗೆ ಕಡಿಮೆ ಮಾಡುವುದು ಸರಿಯಲ್ಲ, ಮಳೆಗಾಲ ಅವರಿಗೂ ಕಷ್ಟದ ಕಾಲ.

ಲೆಕ್ಕ ಹೇಗೆ ಕೂರಿಸಿದೆವು ಅಂದರೆ, ಟಿಕೆಟ್ ಅಚ್ಚು ಹಾಕುವ ಮೊದಲೇ ಆಟದ ಪೂರ್ತಿ ಖರ್ಚಿಗೆ ಪ್ರಾಯೋಜಕರು ಸಿಗಬೇಕು. ಕಲಾವಿದರ ಸಂಭಾವನೆಗೆ ಒಬ್ಬರು, ಮಂಟಪದ ಬಾಡಿಗೆಗೆ ಒಬ್ಬರು, ಕಲಾವಿದರ ಊಟಕ್ಕೆ ಒಬ್ಬರು. ಅಚ್ಚು ನನ್ನ ಪ್ರೆಸ್ಸಿನಿಂದ. ಹೀಗಾದರೆ ಮನೆ ಬಾಗಿಲಿಗೆ ಹೋದಾಗ ನಿಮ್ಮ ಟಿಕೆಟಿನ ಪ್ರತಿ ರೂಪಾಯಿಯೂ ಫ್ರೀಜರಿಗೇ ಹೋಗುತ್ತದೆ ಅಂತ ಎದೆ ಮುಟ್ಟಿ ಹೇಳಬಹುದು. ಆ ಒಂದು ಮಾತು ನೂರು ಕರಪತ್ರಕ್ಕಿಂತ ಜಾಸ್ತಿ ಕೆಲಸ ಮಾಡಿತು.

ಟಿಕೆಟಿಗೆ ನಂಬರು, ಪ್ರತಿಯೊಂದಕ್ಕೂ ಕೌಂಟರ್ ಫಾಯಿಲ್. ಪ್ರತಿ ಸದಸ್ಯರ ಹೆಸರಿಗೆ ಒಂದು ಪುಸ್ತಕ. ಇಲ್ಲಿ ವಾರದ ಸಭೆಯ ಬೆಲೆ ಗೊತ್ತಾಗುವುದು. ಪ್ರತಿ ಗುರುವಾರ ಖಜಾಂಚಿ ಪಟ್ಟಿ ಓದುತ್ತಾರೆ, ಯಾರ ಪುಸ್ತಕದಲ್ಲಿ ಎಷ್ಟು ಹೋಯಿತು, ಎಷ್ಟು ದುಡ್ಡು ಜಮೆ ಆಯಿತು. ಬೈಯುವುದಿಲ್ಲ, ಹೋಲಿಸುವುದಿಲ್ಲ, ಓದುವುದಷ್ಟೇ. ಹೋಗದೇ ಉಳಿದದ್ದನ್ನು ಯಾರಾದರೂ ತೆಗೆದುಕೊಳ್ಳುತ್ತೀರಾ ಅಂತ ಕೇಳುತ್ತಾರೆ. ತಿಂಗಳಿಗೆ ಒಂದೆರಡು ಸಲ ಸೇರುವ ಕಡೆ ಪುಸ್ತಕ ಡ್ರಾಯರಿನಲ್ಲೇ ಉಳಿಯುತ್ತದೆ, ಆಟದ ಹಿಂದಿನ ದಿನ ಹೊರಗೆ ಬರುತ್ತದೆ. ಏಳು ದಿನಕ್ಕೊಮ್ಮೆ ಸ್ನೇಹಿತರ ಮುಖ ನೋಡಬೇಕು ಅಂದರೆ ಕಾಲು ತಾನಾಗಿ ಮುಂದೆ ಹೋಗುತ್ತದೆ ಅಲ್ವಾ?

ಕೇಳಲು ಹೋಗುವಾಗ ಇಬ್ಬರು ಒಟ್ಟಿಗೆ ಹೋಗುತ್ತೇವೆ. ಫೋನಿನಲ್ಲಿ ಕೇಳುವುದಿಲ್ಲ. ಅಡಿಕೆ ಮಂಡಿಗೆ ವ್ಯಾಪಾರದ ಗಡಿಬಿಡಿ ಮುಗಿದ ಮೇಲೆ, ತೋಟದ ಮನೆಗಳಿಗೆ ಸಂಜೆ ಹೊತ್ತಿಗೆ. ಮೊದಲು ಕೆಲಸ ಏನು ಅಂತ ಹೇಳಿ, ಆಮೇಲೆ ಪುಸ್ತಕ ತೆಗೆಯಬೇಕು. ಕೊಡುವುದಿಲ್ಲ ಅಂದವರ ಮನೆಯಲ್ಲೂ ಕೂತು ಚಹಾ ಕುಡಿದು ನಗುತ್ತಾ ಎದ್ದು ಬರಬೇಕು. ಟಿಕೆಟ್ ಮಾರುವುದರಲ್ಲಿ ನಮ್ಮ ಮಹಿಳಾ ಸದಸ್ಯರನ್ನು ಮೀರಿಸಿದವರಿಲ್ಲ. ಸ್ವಸಹಾಯ ಸಂಘ, ಭಜನಾ ಮಂಡಳಿ, ಎಲ್ಲಾ ಕಡೆ ಅವರಿಗೆ ಪರಿಚಯ. ರೋಟರಿ ಮಹಿಳೆಯರಿಗೆ ಬಾಗಿಲು ತೆರೆದದ್ದು 1989ರಲ್ಲಿ, ಎಷ್ಟೋ ಮೊದಲೇ ಆಗಬೇಕಿತ್ತು ಅಂತ ಅವರ ಕೆಲಸ ನೋಡಿದಾಗಲೆಲ್ಲಾ ಅನಿಸುತ್ತದೆ.

ಜನ ಬಾಗಿಲು ತೆರೆಯುವುದಕ್ಕೆ ಹಳೆಯ ಕೆಲಸವೂ ಕಾರಣ. ಪಲ್ಸ್ ಪೋಲಿಯೋ ಭಾನುವಾರಗಳಲ್ಲಿ ನಮ್ಮ ಹಿರಿಯ ಸದಸ್ಯರು ಬೂತ್ ಬೂತ್ ತಿರುಗಿ ಸಿಬ್ಬಂದಿಗೆ ತಿಂಡಿ ಮುಟ್ಟಿಸಿದ್ದನ್ನು, ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತಂದದ್ದನ್ನು ಊರು ಮರೆತಿಲ್ಲ. ಭಾರತದಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ಕ್ಕೆ ಭಾರತ ಸೇರಿದ ಇಡೀ ಆಗ್ನೇಯ ಏಷ್ಯಾ ಪ್ರದೇಶ ಪೋಲಿಯೋ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ದೊಡ್ಡ ಕೆಲಸದಲ್ಲಿ ನಮ್ಮ ಊರಿನವರ ಪಾಲೂ ಇದೆ ಅನ್ನುವ ಹೆಮ್ಮೆ ನನಗೆ ಇವತ್ತಿಗೂ ಇದೆ.

ಕಾಗದ ಪತ್ರದ ಬಗ್ಗೆ ಎರಡು ಮಾತು. ದಾನಕ್ಕೆ ತೆರಿಗೆ ರಿಯಾಯಿತಿ ಕೊಡಿಸಬೇಕಾದರೆ ಕ್ಲಬ್ಬಿನ ಹೆಸರಲ್ಲಿ ನೋಂದಾಯಿತ ಟ್ರಸ್ಟ್ ಇರಬೇಕು, ಅದಕ್ಕೆ ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಬೇಕು, 80ಜಿ ಅಂತ ಜನ ಕರೆಯುವುದು ಅದನ್ನೇ. ಎರಡು ಸಾವಿರ ರೂಪಾಯಿಗಿಂತ ಮೇಲಿನ ದಾನ ನಗದಿನಲ್ಲಿ ಕೊಟ್ಟರೆ ಆ ರಿಯಾಯಿತಿ ಸಿಗುವುದಿಲ್ಲ, ಅದಕ್ಕೇ ದೊಡ್ಡ ಮೊತ್ತವನ್ನು ಯುಪಿಐ ಇಲ್ಲಾ ಚೆಕ್ಕಿನಲ್ಲೇ ತೆಗೆದುಕೊಳ್ಳುತ್ತೇವೆ. ಅಮೆರಿಕದಲ್ಲಿರುವ ನಮ್ಮೂರಿನ ಹುಡುಗರು ದುಡ್ಡು ಕಳಿಸುತ್ತೇವೆ ಅಂತ ಮುಂದೆ ಬಂದರು. ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿಯ ಪೌರತ್ವ ತೆಗೆದುಕೊಂಡವರ ದುಡ್ಡು ವಿದೇಶಿ ದೇಣಿಗೆ ಆಗುತ್ತದೆ, ಅದಕ್ಕೆ ಕೇಂದ್ರ ಸರ್ಕಾರದ ಬೇರೆ ಅನುಮತಿ ಬೇಕು. ಆ ಅನುಮತಿ ನಮ್ಮಲ್ಲಿಲ್ಲ, ಅಂಥವರಿಗೆ ಪ್ರೀತಿಯಿಂದಲೇ ಬೇಡ ಅಂದೆವು. ರೋಟರಿ ಫೌಂಡೇಶನ್ನಿನ ಜಾಗತಿಕ ಅನುದಾನ ಕೇಳಬಹುದಲ್ಲ ಅಂತ ಕೆಲವರು ಅಂದರು. ಅದಕ್ಕೆ ಯೋಜನೆಯ ಮೊತ್ತ ಕನಿಷ್ಠ 30,000 ಡಾಲರ್ ಇರಬೇಕು. ಒಂದು ಫ್ರೀಜರಿಗೆ ಅದು ಆಗುವ ಮಾತಲ್ಲ.

ಆಟದ ದಿನ ಮಳೆ ಸುರಿಯುತ್ತಲೇ ಇತ್ತು, ಮಂಟಪ ತುಂಬಿತ್ತು. ಮುಂದಿನ ಗುರುವಾರವೇ ಲೆಕ್ಕ ಓದಿದೆವು. ಎಷ್ಟು ಬಂತು, ಯಾರಿಗೆ ಎಷ್ಟು ಕೊಟ್ಟೆವು, ಎಲ್ಲಾ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಗ್ರಂಥಾಲಯದ ಬೋರ್ಡಿಗೆ, ದೇವಸ್ಥಾನದ ಬೋರ್ಡಿಗೆ ಅಂಟಿಸಿದೆವು, ದಾನಿಗಳ ವಾಟ್ಸಾಪಿಗೂ ಹಾಕಿದೆವು. ಮಾರನೇ ವರ್ಷ ಟಿಕೆಟ್ ಹಿಡಿದು ಹೋದಾಗ ಹಲವರು ಆ ಹಾಳೆಯ ಮಾತನ್ನೇ ಎತ್ತಿದರು.

ಫ್ರೀಜರ್ ಜೊತೆಗೆ ಒಂದು ಜನರೇಟರನ್ನೂ ಕೊಂಡೆವು. ಲೈನ್‌ಮ್ಯಾನ್ ಅತಿಥಿಯಾಗಿ ಬಂದಿದ್ದಾಗ ಮರ ಬಿದ್ದರೆ ಒಳಗಿನ ಊರುಗಳಿಗೆ ಎರಡು ಮೂರು ದಿನ ಕರೆಂಟ್ ಕೊಡಲು ಆಗುವುದಿಲ್ಲ ಅಂತ ವಿವರಿಸಿದ್ದರು, ಆ ಮಾತು ಅಂದಾಜು ಪಟ್ಟಿ ಬರೆಯುವಾಗ ಕೆಲಸಕ್ಕೆ ಬಂತು. ಪೆಟ್ಟಿಗೆ ಕೇಳಿದವರಿಗೆ ಜಾತಿ, ಪಕ್ಷ ಏನೂ ನೋಡದೆ ಕೊಡುತ್ತೇವೆ. ಬಾಡಿಗೆ ಇಲ್ಲ, ಸಾಗಾಟದ ಡೀಸೆಲ್ ಮಾತ್ರ, ಅದೂ ಆಗದವರಿಗೆ ನಮ್ಮದೇ. ವಾಪಸ್ ಬಂದ ಕೂಡಲೇ ತೊಳೆದು ಔಷಧಿ ಹಾಕಿ ಒರೆಸಿ ಇಡಬೇಕು. ಬೀಗದ ಕೈ ಇಬ್ಬರ ಹತ್ತಿರ, ರಾತ್ರಿ ಎರಡು ಗಂಟೆಗೆ ಫೋನ್ ಬಂದರೂ ಎತ್ತುವವರನ್ನೇ ಆರಿಸಿದ್ದೇವೆ. ಉಳಿದ ದುಡ್ಡಿನಲ್ಲಿ ವಾಕರ್, ಗಾಲಿ ಕುರ್ಚಿ, ಆಸ್ಪತ್ರೆಯ ಮಂಚ ತಂದಿಟ್ಟೆವು. ಸಣ್ಣ ಠೇವಣಿ ಇಟ್ಟು ಒಯ್ಯುತ್ತಾರೆ, ಕೆಲಸ ಮುಗಿದ ಮೇಲೆ ತಂದುಕೊಟ್ಟು ಠೇವಣಿ ವಾಪಸ್ ಪಡೆಯುತ್ತಾರೆ. ಠೇವಣಿ ಬೇಡ, ಅದನ್ನೂ ಇಟ್ಟುಕೊಳ್ಳಿ ಅನ್ನುವವರೇ ಜಾಸ್ತಿ.

ಈಗ ಘಟ್ಟದ ಅಂಚಿನ ಒಂದು ಹೋಬಳಿಯವರು ತಮಗೂ ಒಂದು ಪೆಟ್ಟಿಗೆ ಬೇಕು ಅಂತ ಕೇಳಿದ್ದಾರೆ. ಮಳೆಗಾಲದಲ್ಲಿ ನಮ್ಮ ಊರಿನಿಂದ ಅಲ್ಲಿಗೆ ಒಯ್ಯುವುದು ನಿಜಕ್ಕೂ ಕಷ್ಟ. ಕೊಡೋಣ ಅಂತ ಎಲ್ಲರೂ ಒಪ್ಪಿದ್ದೇವೆ, ಒಂದೇ ಒಂದು ಷರತ್ತು ಹಾಕಿದ್ದೇವೆ. ಅಲ್ಲಿ ಮೊದಲು ರೋಟರಿ ಸಮುದಾಯ ದಳ, ಅಂದರೆ ರೋಟರಿ ಸದಸ್ಯರಲ್ಲದವರ ಸೇವಾ ತಂಡ, ಶುರು ಮಾಡಬೇಕು, ಊರಿನವರೇ ಹದಿನೈದು ಇಪ್ಪತ್ತು ಜನ ಸೇರಬೇಕು, ಮಳೆಗಾಲ ಪೂರ್ತಿ ವಾರಕ್ಕೊಮ್ಮೆ ಕೂತು ತೋರಿಸಬೇಕು. ಮಂಗಳವಾರ ಸಂಜೆ, ಹಾಲಿನ ಡೈರಿಯ ಜಗಲಿಯಲ್ಲಿ ಸೇರಲು ಶುರು ಮಾಡಿದ್ದಾರೆ. ಮೊದಲ ಸಭೆಗೆ ನಾನೂ ಹೋಗಿದ್ದೆ, ಡಬ್ಬಿಯನ್ನೂ ಇಟ್ಟಿದ್ದರು.