ನಾಲ್ಕು ಚಕ್ರದ ನನ್ನ ಸ್ಕೂಟರ್ ಎಲ್ಲಿ ನಿಲ್ಲಿಸಲಿ?

ಚಿಕ್ಕಂದಿನಲ್ಲೇ ನನ್ನ ಎಡಗಾಲಿಗೆ ಪೋಲಿಯೋ ಆಗಿತ್ತು. ನಾನು ಓಡಾಡುವುದು ಆಚೀಚೆ ಎರಡು ಸೈಡ್ ವೀಲ್ ಹಾಕಿಸಿದ ಆಕ್ಟಿವಾದಲ್ಲಿ. ಬೆಂಗಳೂರಿನ ಟ್ರಾಫಿಕ್ಕು, ಗುಂಡಿ, ಹಂಪ್ ಎಲ್ಲಾ ಹೇಗೋ ಅಭ್ಯಾಸ ಆಗಿದೆ. ಕಷ್ಟ ಶುರುವಾಗೋದೇ ಗಾಡಿ ನಿಲ್ಲಿಸುವಾಗ.

ಟೂ ವೀಲರ್ ಪಾರ್ಕಿಂಗ್ ಹೇಗಿರುತ್ತದೆ ಅಂತ ಗೊತ್ತಲ್ವಾ? ಹ್ಯಾಂಡಲ್‌ಗೆ ಹ್ಯಾಂಡಲ್ ತಾಗುವ ಹಾಗೆ ತುರುಕಿರುತ್ತಾರೆ. ನನ್ನ ಗಾಡಿಗೆ ಎರಡು ಸ್ಕೂಟರ್‌ನಷ್ಟು ಅಗಲ ಬೇಕು, ಅದರ ಮೇಲೆ ನಾನು ಇಳಿಯುವಾಗ ಮೊದಲು ಊರುಗೋಲು ಊರಿ, ಆಮೇಲೆ ಕ್ಯಾಲಿಪರ್ (ಕಾಲಿಗೆ ಆಸರೆಯಾಗಿ ಕಟ್ಟುವ ಪಟ್ಟಿ) ಹಾಕಿದ ಕಾಲನ್ನು ಎಳೆದುಕೊಳ್ಳಬೇಕು, ಅದಕ್ಕೆ ಪಕ್ಕದಲ್ಲಿ ಒಂದು ಗಜ ಜಾಗ ಖಾಲಿ ಇರಲೇಬೇಕು. ಹೇಗೋ ನಿಲ್ಲಿಸಿ ಹೋದರೂ, ವಾಪಸ್ ಬರುವಷ್ಟರಲ್ಲಿ ಎರಡೂ ಪಕ್ಕಕ್ಕೆ ಬೈಕ್ ನಿಂತಿರುತ್ತವೆ. ಸುಮ್ನೆ ಕಾಯೋದು, ಇನ್ನೇನು ಮಾಡೋದು. ಒಮ್ಮೆ ಮುಕ್ಕಾಲು ಗಂಟೆ ಕಾದಿದ್ದೇನೆ.

ಅದಕ್ಕೇ ಗಾಲಿಕುರ್ಚಿ ಚಿತ್ರ ಬರೆದ ಜಾಗದಲ್ಲಿ ನಿಲ್ಲಿಸಲು ಶುರು ಮಾಡಿದೆ. ಒಂದು ಮಾಲ್‌ನಲ್ಲಿ ಸೆಕ್ಯುರಿಟಿಯವರು ಓಡಿ ಬಂದರು. "ಸಾರ್, ಇದು ಕಾರಿಗೆ ಮಾತ್ರ. ಟೂ ವೀಲರ್ ಕೆಳಗೆ, ಬೇಸ್‌ಮೆಂಟ್ ಎರಡು." ಊರುಗೋಲು ತೋರಿಸಿದೆ. "ಗೊತ್ತಾಯ್ತು ಸಾರ್, ಆದ್ರೆ ಕಾರಿಲ್ವಲ್ಲ" ಅಂದರು. ಅವರ ತಪ್ಪೂ ಅಲ್ಲ, ಅವರಿಗೆ ಹೇಳಿಕೊಟ್ಟಿರೋದೇ ಹಾಗೆ.

ಅಮೆರಿಕದಲ್ಲಿ ಇದಕ್ಕೆಂದೇ ಪರ್ಮಿಟ್ ಇದೆ, ಕಾರಿನ ಕನ್ನಡಿಗೆ ನೇತು ಹಾಕೋದು. ಬೈಕಿನಲ್ಲಿ ಅದನ್ನು ಎಲ್ಲಿ ನೇತು ಹಾಕೋದು? ಕ್ಯಾಲಿಫೋರ್ನಿಯಾದಂಥ ಕಡೆ ಬೈಕಿಗೂ ಅಂಗವಿಕಲರ ನಂಬರ್ ಪ್ಲೇಟನ್ನೇ ಕೊಡುತ್ತಾರೆ. ನಮ್ಮಲ್ಲಿ ದೇಶಕ್ಕೆಲ್ಲ ಒಂದೇ ಅನ್ನುವಂಥ ಪಾರ್ಕಿಂಗ್ ಪರ್ಮಿಟ್ ಇಲ್ಲ. ಇರೋ ಕಾಗದಗಳನ್ನೇ ಜೋಡಿಸಿಕೊಂಡು ನಮ್ಮ ಪರ್ಮಿಟ್ ನಾವೇ ಮಾಡಿಕೊಳ್ಳಬೇಕು. ನಾನು ಮಾಡಿದ್ದು ಅದನ್ನೇ.

ಮೊದಲನೆಯದು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ನನ್ನದು ಹಳದಿ ಪಟ್ಟಿಯದು, ಅಂದರೆ ಅಂಗವೈಕಲ್ಯ ಶೇಕಡಾ 40ರಿಂದ 80ರ ಒಳಗೆ.

ಎರಡನೆಯದು ಆರ್‌ಸಿ, ಮತ್ತು ಇದೇ ಮುಖ್ಯ. ತುಂಬಾ ಜನ ಸೈಡ್ ವೀಲ್ ಹಾಕಿಸಿ ಸುಮ್ಮನಾಗಿಬಿಡುತ್ತಾರೆ. ನಾನೂ ಎರಡು ವರ್ಷ ಹಾಗೇ ಓಡಿಸಿದೆ. ಗಾಡಿಯಲ್ಲಿ ಮಾಡಿದ ಬದಲಾವಣೆ ಆರ್‌ಟಿಓದಲ್ಲಿ ದಾಖಲಾಗದಿದ್ದರೆ ಕಾಗದದ ಪ್ರಕಾರ ಅದು ಎಲ್ಲರ ಸ್ಕೂಟರ್ ಥರದ್ದೇ, ಅಪಘಾತವಾದಾಗ ಇನ್ಶೂರೆನ್ಸ್‌ನವರು ತಕರಾರು ತೆಗೆಯಲೂಬಹುದು. ಬ್ರೇಕ್ ಇನ್‌ಸ್ಪೆಕ್ಟರ್ ಗಾಡಿ ಸುತ್ತ ಎರಡು ಸಲ ಓಡಾಡಿ, ಚಕ್ರ ಒದ್ದು ನೋಡಿ, ಬರೆದುಕೊಂಡರು. ಮೊದಲೆಲ್ಲ ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಗಾಡಿಗೆ 'ಇನ್‌ವ್ಯಾಲಿಡ್ ಕ್ಯಾರೇಜ್' ಅನ್ನೋ ಹೆಸರಿತ್ತು, ಅಂದರೆ ಅಂಗವಿಕಲರ ಗಾಡಿ. ನನ್ನ ಹಳೇ ಡಿಎಲ್‌ನಲ್ಲೂ ಹಾಗೇ ಇತ್ತು, ಒಬ್ಬ ಪೊಲೀಸರು ಅದನ್ನು ಓದಿ "ಇದು ಇನ್‌ವ್ಯಾಲಿಡ್ ಆಗಿದೆ, ನಡೀರಿ ಸೈಡಿಗೆ" ಅಂದಿದ್ದರು! 2019ರ ತಿದ್ದುಪಡಿಯಲ್ಲಿ ಅದು 'ಅಡಾಪ್ಟೆಡ್ ವೆಹಿಕಲ್' ಆಯಿತು, ಪುಣ್ಯ.

ಮೂರನೆಯದು ಸ್ಟಿಕ್ಕರ್. ನೀಲಿ ಬಣ್ಣದ ಗಾಲಿಕುರ್ಚಿ ಗುರುತು, ಮುಂದೊಂದು ಹಿಂದೊಂದು. ಇದಕ್ಕೆ ಕಾನೂನಿನ ಬಲ ಏನೂ ಇಲ್ಲ, ಆದರೆ ಸೆಕ್ಯುರಿಟಿಯವರಿಗೆ ದೂರದಿಂದ ಕಾಣೋದು ಇದೊಂದೇ. ಆರ್‌ಸಿ ಯಾರೂ ಕೇಳುವುದೇ ಇಲ್ಲ, ಕೇಳಿದ ದಿನ ಮಾತ್ರ ಅದಿಲ್ಲದೆ ಆಗೋಲ್ಲ.

ಆಮೇಲೆ ಆಫೀಸು. ಅಲ್ಲಿ ಜಗಳ ಆಡಿದರೆ ದಿನಾ ಮುಖ ನೋಡಬೇಕು, ಅದಕ್ಕೆ ಬಿಲ್ಡಿಂಗ್ ಮೇನೇಜರ್‌ಗೆ ಒಂದು ಪುಟದ ಪತ್ರ ಕೊಟ್ಟೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಮಾತಾಡೋದು ಮನುಷ್ಯರ ಬಗ್ಗೆ, ಅವರು ಕಾರಿನಲ್ಲಿ ಬಂದರೋ ಸ್ಕೂಟರ್‌ನಲ್ಲಿ ಬಂದರೋ ಅನ್ನೋದರ ಬಗ್ಗೆ ಅಲ್ಲ ಅಂತ ಬರೆದೆ. ಕೇಂದ್ರದ ಮಾರ್ಗಸೂಚಿಯಲ್ಲಿ ಅಂಗವಿಕಲರ ಪಾರ್ಕಿಂಗ್ ಜಾಗ 3.6 ಮೀಟರ್ ಅಗಲ, ಬಾಗಿಲಿಗೆ 30 ಮೀಟರ್ ಒಳಗೆ ಇರಬೇಕು ಅಂತಿದೆ. ಅಷ್ಟು ಅಗಲ ಇಟ್ಟಿರೋದು ಕಾರು ದೊಡ್ಡದು ಅಂತಲ್ಲ, ಇಳಿಯೋಕೆ ಜಾಗ ಬೇಕು ಅಂತ. ನನಗೆ ಬೇಕಾಗಿರೋದೂ ಅದೇ ತಾನೇ? ದಂಡದ ಮಾತೂ ಕಾಯ್ದೆಯಲ್ಲಿದೆ, ಮೊದಲ ತಪ್ಪಿಗೆ 10,000 ರೂಪಾಯಿವರೆಗೆ. ಅದನ್ನು ಪತ್ರದಲ್ಲಿ ಬೇಕಂತಲೇ ಬರೆಯಲಿಲ್ಲ, ಬಾಯಲ್ಲೂ ಹೇಳಲಿಲ್ಲ. ಎರಡು ವಾರ ಉತ್ತರ ಬರಲಿಲ್ಲ. ಆಮೇಲೆ ನಾನೇ ಮೇನೇಜರನ್ನು ಕೆಳಗೆ ಕರೆದುಕೊಂಡು ಹೋಗಿ, ಬೇಸ್‌ಮೆಂಟ್‌ನ ಸಾಲಿನಲ್ಲಿ ಗಾಡಿ ನಿಲ್ಲಿಸಿ, ಅವರೆದುರೇ ಇಳಿಯೋಕೆ ಪ್ರಯತ್ನಪಟ್ಟೆ. ಮಾರನೇ ದಿನ ಲಿಫ್ಟ್ ಪಕ್ಕದ ಜಾಗ ಸಿಕ್ಕಿತು.

ಇನ್ನೊಂದು ವಿಷಯ, ನನ್ನಂಥ ಗಾಡಿ ಇರುವವರಿಗೆ. ಸೈಡ್ ವೀಲ್ ಇರುವುದರಿಂದ ನಾವು ಸ್ಟ್ಯಾಂಡ್ ಹಾಕಲ್ಲ. ರ‍್ಯಾಂಪ್ ಹತ್ತಿರದ ಜಾಗ ಕೊಟ್ಟರೆ ಗಾಡಿ ತಾನೇ ಉರುಳಿ ಹೋಗುತ್ತದೆ. ಬ್ರೇಕ್ ಲಿವರ್‌ಗೆ ದಪ್ಪ ರಬ್ಬರ್ ಬ್ಯಾಂಡ್ ಬಿಗಿಯೋದು ನನ್ನ ಉಪಾಯ. ಹಳೇ ಟ್ಯೂಬ್ ಕತ್ತರಿಸಿ ಮಾಡಿಕೊಂಡಿದ್ದೇನೆ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಪುಕ್ಕಟೆ ಕೊಡುತ್ತಾರೆ.

ಮಾಲ್‌ಗಳಲ್ಲಿ ಇವತ್ತಿಗೂ ಒಂದೊಂದು ದಿನ ಒಂದೊಂದು ಥರ. ಆರ್‌ಸಿ, ಯುಡಿಐಡಿ ಎರಡರ ಜೆರಾಕ್ಸನ್ನೂ ಒಂದೇ ಹಾಳೆಯಲ್ಲಿ ಲ್ಯಾಮಿನೇಟ್ ಮಾಡಿಸಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಹೋದ ತಿಂಗಳು ಅದನ್ನು ಎರಡು ಸಲ ಹೊರಗೆ ತೆಗೆಯಬೇಕಾಯಿತು.