ಜೆರಾಕ್ಸ್ ಅಂಗಡಿಗೆ ಆಧಾರ್ ತರುವ ಮುಂಚೆ

ಶಿಡ್ಲಘಟ್ಟದಲ್ಲಿ ನನ್ನದೊಂದು ಜೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿ. ರೇಷ್ಮೆ ಗೂಡು ಮಾರೋಕೆ ಬಂದ ರೈತರು, ಗೂಡಿಂದ ನೂಲು ತೆಗೆಯೋ ರೀಲರ್‌ಗಳು, ಪಿಂಚಣಿಗೆ ಅಲೆಯೋ ಅಜ್ಜಿಯರು, ಎಲ್ಲರ ಆಧಾರೂ ನನ್ನ ಕಂಪ್ಯೂಟರಿಗೆ ಬಂದೇ ಹೋಗುತ್ತೆ. ನಮ್ಮಂಥವರ ಅಂಗಡಿಯಲ್ಲಿ ಹೇಗೆ ಹುಷಾರಾಗಿರಬೇಕು ಅಂತ ನಾನೇ ಹೇಳಿಬಿಡ್ತೀನಿ.

ಪ್ರಿಂಟಿಗೆ ಅಂತ ಅಂಗಡಿ ಕಂಪ್ಯೂಟರಲ್ಲಿ ವಾಟ್ಸಾಪ್ ತೆರೀತೀರಿ, ಹಾಳೆ ಕೈಗೆ ಬಂದದ್ದೇ ಬಸ್ಸಿಗೆ ಓಡ್ತೀರಿ. ಹಿಂದೆ ನಿಮ್ಮ ಮನೆ ಮಾತೆಲ್ಲ ಪರದೆ ಮೇಲೆ ಬರ್ತಾನೇ ಇರುತ್ತೆ. ಮೊಬೈಲಿನ ವಾಟ್ಸಾಪಲ್ಲಿ ‘ಲಿಂಕ್ಡ್ ಡಿವೈಸಸ್’ಗೆ ಹೋಗಿ ಲಾಗೌಟ್ ಮಾಡಿಯೇ ಹೊರಡಿ. ಡೌನ್‌ಲೋಡ್ ಆದ ಫೈಲನ್ನು ಎದುರಿಗೇ ಅಳಿಸಿಸಿ, ರೀಸೈಕಲ್ ಬಿನ್‌ನಿಂದಲೂ. ಅಂಗಡಿಯವರು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

ಪ್ರತಿ ಕಡೆಗೂ ಪೂರ್ತಿ ನಂಬರಿನ ಆಧಾರ್ ಬೇಕಿಲ್ಲ. ಮೈಆಧಾರ್ ವೆಬ್‌ಸೈಟಲ್ಲಿ ಡೌನ್‌ಲೋಡ್ ಮಾಡುವಾಗ ‘ಮಾಸ್ಕ್ಡ್’ ಅಂತ ಟಿಕ್ ಹಾಕಿದರೆ ಕೊನೆಯ 4 ಅಂಕಿ ಮಾತ್ರ ಕಾಣುತ್ತೆ. ಲಾಡ್ಜಿಗೆ ಅಷ್ಟು ಸಾಕು.

ಬೆರಳಿನ ವಿಷಯ ಮಾತ್ರ ಗಟ್ಟಿಯಾಗಿ ಹಿಡ್ಕೊಳ್ಳಿ. ಆಧಾರ್ ನಂಬರ್, ಬ್ಯಾಂಕ್ ಹೆಸರು, ಬೆರಳಚ್ಚು ಇದ್ದರೆ ಓಟಿಪಿ ಇಲ್ಲದೇ ದುಡ್ಡು ತೆಗೀಬಹುದು. ಆಸ್ತಿ ನೋಂದಣಿ ಪತ್ರದ ಹೆಬ್ಬೆಟ್ಟನ್ನು ನಕಲು ಮಾಡಿ ಹೀಗೆ ದುಡ್ಡು ಎತ್ತಿದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ದಾಖಲಾದವು. ನಮ್ಮೂರ ರೀಲಿಂಗ್ ಹೆಂಗಸರಿಗೆ ಬಿಸಿನೀರಲ್ಲಿ ಎಳೆ ಹುಡುಕಿ ಹುಡುಕಿ ಬೆರಳ ಗೆರೆಯೇ ಸವೆದಿರುತ್ತೆ. ಯಂತ್ರ ಹಿಡಿದವರು “ತಗೊಳ್ತಿಲ್ಲ ಅಕ್ಕಾ, ಇನ್ನೊಂದ್ಸಲ ಇಡಿ” ಅಂದ್ರೆ ನಂಬಿ ಇಡ್ತಾರೆ. ಇಟ್ಟಾಗಲೆಲ್ಲ ಪರದೆ ನೋಡಿ, ರಸೀದಿ ಕೇಳಿ, ಬ್ಯಾಂಕಿನ ಮೆಸೇಜ್ ಓದಿಸಿಕೊಳ್ಳಿ.

ಇದಕ್ಕೆ ಬೀಗವೂ ಇದೆ. ಅದೇ ಮೈಆಧಾರ್‌ನಲ್ಲಿ, ನಿಮ್ಮ ಮೊಬೈಲಿನಿಂದಲೇ, ಬಯೋಮೆಟ್ರಿಕ್ ಲಾಕ್ ಮಾಡಿ. ರೇಷನ್ ಅಂಗಡಿಗೆ ಹೋಗುವ ದಿನ ಸ್ವಲ್ಪ ಹೊತ್ತು ತೆರೆದರಾಯ್ತು. ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅನ್ನೋ ಪಟ್ಟಿಯೂ ಅಲ್ಲೇ ಸಿಗುತ್ತೆ.

“ನಮ್ಮ ಹತ್ರ ಕದಿಯೋಕೆ ಏನಿದೆ ಬಿಡಮ್ಮ” ಅನ್ನೋರಿಗೆ ಒಂದು ಮಾತು: ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ ಕೇಸಲ್ಲೇ. ಆಧಾರ್ ವಿಷಯಕ್ಕೇ ಹೂಡಿದ್ದು ಅದು.

ದುಡ್ಡು ಹೋಗಿದ್ದರೆ ನನ್ನ ಅಂಗಡಿಗೆ ಬರುವ ಮುಂಚೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ. ಇನ್ನು ಲಾಕ್ ಮಾಡೋಕೆ ಆಧಾರಿಗೆ ಜೋಡಿಸಿದ ಸಿಮ್ ನಿಮ್ಮ ಕೈಲಿರಬೇಕು. ನಂಬರ್ ಬದಲಾಗಿದ್ದರೆ ಮೊದಲು ಹೊಸ ನಂಬರನ್ನು ಆಧಾರಿಗೆ ಸೇರಿಸಿಸಬೇಕು, ಆಧಾರ್ ಕೇಂದ್ರದಲ್ಲಿ ಮಾಡಿಸಬಹುದು. ಆ ಕೆಲಸ ನನ್ನ ಅಂಗಡಿಯಲ್ಲಿ ಆಗಲ್ಲ.